ಇಳಿಜಾರು ಸೈಟಿನಲ್ಲಿ ಚಿಕ್ಕ ಮನೆ: ಬೀದರ್ ಕಡೆಯವರಿಗೆ ನಕ್ಷೆಯಿಂದ ಮಾಳಿಗೆವರೆಗೆ

ಬೀದರ್ ಊರು ಕೂತಿರುವುದು ಕೆಂಪುಕಲ್ಲಿನ ದಿಬ್ಬದ ಮೇಲೆ. ಊರ ನಡುವೆ ನೆಲ ಸಪಾಟಾಗಿದೆ. ಅಂಚಿಗೆ ಬಂದರೆ ಇಳಿಯತೊಡಗುತ್ತದೆ. ಆ ಅಂಚಿನಲ್ಲಿ 30×40ರ ಸೈಟು ಕೊಂಡವರು ಮೊದಲು ಕೇಳುವ ಪ್ರಶ್ನೆ ಒಂದೇ: "ಎಷ್ಟು ಟ್ರಿಪ್ ಮುರುಮ್ (ಗರಸು ಮಣ್ಣು) ಹೊಡೆಸಿದರೆ ಲೆವೆಲ್ ಆಗುತ್ತೆ?"

ನನ್ನ ಉತ್ತರ: ಲೆವೆಲ್ ಮಾಡಬೇಡಿ. ಇಳಿಜಾರನ್ನು ತುಂಬಿ ಮುಚ್ಚುವ ಬದಲು ಮನೆಯನ್ನೇ ಅರ್ಧರ್ಧ ಅಂತಸ್ತಿನ ಮಟ್ಟಗಳಾಗಿ ಇಳಿಸಿ. ಮಣ್ಣಿನ ಖರ್ಚು ಉಳಿಯುತ್ತದೆ, ಬೇಸಿಗೆಗೆ ಒಂದು ತಂಪು ಕೋಣೆ ಪುಕ್ಕಟೆ ಸಿಗುತ್ತದೆ. ಆದರೆ ಒಂದು ಷರತ್ತಿದೆ. ಗೋಡೆ ಎಲ್ಲಿ ಬರುತ್ತದೆ ಅಂತ ಯೋಚಿಸುವ ಮುಂಚೆ ನೀರು ಎಲ್ಲಿ ಹೋಗುತ್ತದೆ ಅಂತ ತೀರ್ಮಾನ ಆಗಿರಬೇಕು. ಇಳಿಜಾರಿನ ಮನೆಗಳು ಕೆಡುವುದು ಬಹುಪಾಲು ನೀರಿನಿಂದಲೇ.

ಇಲ್ಲಿ ಒಂದೇ ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ಹೋಗುತ್ತೇನೆ. ರಸ್ತೆ ಕಡೆ 30 ಅಡಿ ಅಗಲ, ಹಿಂದಕ್ಕೆ 40 ಅಡಿ ಉದ್ದ, ರಸ್ತೆಯಿಂದ ಹಿಂದಿನ ಗಡಿಗೆ 5 ಅಡಿ ಇಳಿಜಾರು. ಅಜ್ಜಿ, ಗಂಡ ಹೆಂಡತಿ, ಇಬ್ಬರು ಮಕ್ಕಳು. ನಿಮ್ಮ ಅಳತೆ ಬೇರೆ ಇದ್ದರೆ ಲೆಕ್ಕ ಬದಲಾಗುತ್ತದೆ, ದಾರಿ ಬದಲಾಗುವುದಿಲ್ಲ.

ಮೊದಲು ನೆಲ ಅಳೆಯಿರಿ

ಕಣ್ಣಂದಾಜು ನಂಬಬೇಡಿ. "ಒಂದು ಮೂರಡಿ ಇರಬಹುದು" ಅಂದದ್ದು ಅಳೆದರೆ ಐದಡಿ ಇರುತ್ತದೆ. ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಗೌಂಡಿಗಳ ಹತ್ತಿರ ಇರುವ ಪಾರದರ್ಶಕ ಲೆವೆಲ್ ಪೈಪ್ ಸಾಕು. ಸೈಟಿನಲ್ಲಿ 10 ಅಡಿಗೊಂದು ಗೂಟ ಹೊಡೆಯಿರಿ. ಅಗಲಕ್ಕೆ ನಾಲ್ಕು, ಉದ್ದಕ್ಕೆ ಐದು, ಒಟ್ಟು ಇಪ್ಪತ್ತು ಜಾಗ. ಪೈಪಿಗೆ ನೀರು ತುಂಬಿ, ಗಾಳಿಗುಳ್ಳೆ ಒಂದೂ ಉಳಿಯದ ಹಾಗೆ ನೋಡಿಕೊಳ್ಳಿ. ಗುಳ್ಳೆ ಇದ್ದರೆ ಲೆಕ್ಕ ಸುಳ್ಳು ಹೇಳುತ್ತದೆ. ಒಂದು ತುದಿಯನ್ನು ರಸ್ತೆಯ ನಡುಮಟ್ಟಕ್ಕೆ ಇಡಿ, ಅದೇ ಸೊನ್ನೆ. ಇನ್ನೊಂದು ತುದಿಯನ್ನು ಒಂದೊಂದೇ ಗೂಟದ ಹತ್ತಿರ ಒಯ್ದು, ನೀರಿನ ಮಟ್ಟದಿಂದ ನೆಲಕ್ಕೆ ಎಷ್ಟು ಇಳಿದಿದೆ ಅಂತ ಬರೆದುಕೊಳ್ಳಿ. ಇಬ್ಬರು ಸೇರಿದರೆ ಒಂದು ಬೆಳಗಿನ ಕೆಲಸ. ರಸ್ತೆಯ ಚರಂಡಿ ಎಷ್ಟು ಆಳ, ಒಳಚರಂಡಿ ಇದ್ದರೆ ಅದರ ಚೇಂಬರಿನ ತಳ ಎಷ್ಟು ಕೆಳಗೆ, ಪಕ್ಕದ ಮನೆಯ ಪಾಯ ಎಲ್ಲಿಗೆ ನಿಂತಿದೆ, ಇವಿಷ್ಟನ್ನೂ ಅದೇ ಸೊನ್ನೆಗೆ ಹೋಲಿಸಿ ಬರೆದುಕೊಳ್ಳಿ. ಚೇಂಬರಿನ ಅಳತೆಯನ್ನು ಮರೆಯುವವರು ಜಾಸ್ತಿ. ಅದು ಯಾಕೆ ಅಷ್ಟು ಮುಖ್ಯ ಅಂತ ಬಚ್ಚಲಿನ ವಿಷಯ ಬಂದಾಗ ಹೇಳುತ್ತೇನೆ.

ಆಮೇಲೆ ಒಂದು ಚಿಕ್ಕ ಮಾದರಿ ಮಾಡಿ. ಒಂದು ಅಡಿಗೆ ಕಾಲು ಇಂಚು ಲೆಕ್ಕ ಹಿಡಿದರೆ ಸೈಟು ಏಳೂವರೆ ಇಂಚು ಅಗಲ, ಹತ್ತು ಇಂಚು ಉದ್ದ ಆಗುತ್ತದೆ. ಕಾಲು ಇಂಚು ದಪ್ಪದ ಥರ್ಮಾಕೋಲ್ ಹಾಳೆ ಒಂದರ ಮೇಲೊಂದು ಅಂಟಿಸಿದರೆ ಒಂದೊಂದು ಹಾಳೆ ಒಂದೊಂದು ಅಡಿ ಎತ್ತರ. ಐದು ಹಾಳೆಗೆ ನಿಮ್ಮ ಇಳಿಜಾರು ಮೇಜಿನ ಮೇಲೆ ಬಂತು. ಕಾಗದದ ನಕ್ಷೆ ನೋಡಿ ತಲೆಯಾಡಿಸುವ ಮನೆಯವರು ಇದನ್ನು ನೋಡಿದ ಕೂಡಲೇ ಬೆರಳಿಟ್ಟು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗಳು ಈಗಲೇ ಬರಲಿ, ಸ್ಲ್ಯಾಬ್ ಬಿದ್ದ ಮೇಲಲ್ಲ.

ವಾಸ್ತು ಮಾತೂ ಈಗಲೇ ಮುಗಿಸಿಕೊಳ್ಳಿ. ಇಳಿಜಾರು ಈಶಾನ್ಯಕ್ಕೋ ಉತ್ತರಕ್ಕೋ ಇದ್ದರೆ ಯಾರೂ ಏನೂ ಅನ್ನುವುದಿಲ್ಲ. ನೈರುತ್ಯಕ್ಕೆ ಇಳಿದಿದ್ದರೆ ಮನೆಯಲ್ಲಿ ಮಾತು ಶುರುವಾಗುತ್ತದೆ. ನಾನು ವಾಸ್ತು ಪಂಡಿತನಲ್ಲ. ಆದರೆ ಹಿರಿಯರು ಒಪ್ಪದ ನಕ್ಷೆ ಅರ್ಧ ಕಟ್ಟಿದ ಮೇಲೆ ಬದಲಾಗುತ್ತದೆ, ಅದು ಎಲ್ಲಕ್ಕಿಂತ ದುಬಾರಿ.

ನೆಲದ ಕೆಳಗೆ ಏನಿದೆ

ನಾಲ್ಕು ಮೂಲೆಗೆ ಮತ್ತು ನಡುವೆ ಒಂದೊಂದು ಗುಂಡಿ ತೋಡಿಸಿ. ಐದಾರು ಅಡಿ ಆಳ ಇರಲಿ. ಮೇಲಿನ ಮೂಲೆಯಲ್ಲಿ ಒಂದು ಮಣ್ಣು, ಕೆಳಗಿನ ಮೂಲೆಯಲ್ಲಿ ಇನ್ನೊಂದು ಮಣ್ಣು ಸಿಗುವುದು ಇಳಿಜಾರಿನಲ್ಲಿ ಮಾಮೂಲು.

ಬೀದರ್‌ನಲ್ಲಿ ಮೇಲೆ ಕೆಂಪುಕಲ್ಲು, ಅಂದರೆ ಜಂಬಿಟ್ಟಿಗೆ. ಅದರ ಕೆಳಗೆ ಗಟ್ಟಿ ಕರಿಕಲ್ಲು. ಕೆಂಪುಕಲ್ಲು ರಂಧ್ರಮಯ, ಮಳೆನೀರನ್ನು ಕುಡಿಯುತ್ತದೆ. ಕುಡಿದ ನೀರು ಕೆಳಗಿನ ಬಿಗಿ ಪದರ ಸಿಕ್ಕಲ್ಲಿ ಮುಂದೆ ಇಳಿಯಲಾಗದೆ ಅಡ್ಡಕ್ಕೆ ಹರಿದು ದಿಬ್ಬದ ಅಂಚಿನಲ್ಲಿ ಎಲ್ಲೋ ಹೊರಗೆ ಬರುತ್ತದೆ. ಬೀದರ್‌ನ ಗುಹೆಯ ಗುಡಿಯಲ್ಲಿ ಝರಣಿ ನರಸಿಂಹನ ದರ್ಶನಕ್ಕೆ ಸುರಂಗದ ನೀರಲ್ಲಿ ನಡೆದು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಹಮನಿ ಕಾಲದವರು ನೌಬಾದ್‌ನಲ್ಲಿ ಸುರಂಗ ಬಾವಿ ತೋಡಿ ಊರಿಗೆ ನೀರು ತಂದದ್ದೂ ಇದೇ ಗುಣ ನಂಬಿಕೊಂಡು. ಅವರಿಗೆ ವರವಾದದ್ದು ನಿಮ್ಮ ಕೆಳಕೋಣೆಯ ಗೋಡೆಗೆ ಕಾಟ ಆಗಬಹುದು. ಆದ್ದರಿಂದ ಒಂದು ಮಳೆಗಾಲ ಸೈಟನ್ನು ಸುಮ್ನೆ ನೋಡಿ. ದೊಡ್ಡ ಮಳೆ ನಿಂತು ಎರಡು ದಿನ ಆದ ಮೇಲೂ ಯಾವ ಗುಂಡಿಯಲ್ಲಿ ನೀರು ಜಿನುಗುತ್ತಿದೆ, ಎಲ್ಲಿ ಹುಲ್ಲು ಜಾಸ್ತಿ ಹಸಿರಾಗಿದೆ, ಅಲ್ಲಿ ಗುರುತು ಹಾಕಿಕೊಳ್ಳಿ.

ದಿಬ್ಬ ಇಳಿದು ಕೆಳಗೆ ಬಂದರೆ ಎರೆಮಣ್ಣು. ಕಲಬುರಗಿ ಕಡೆಯವರಿಗೂ ಇದೇ ಪಾಡು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕಾಲು ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಪಾಯ ಕೂರಿಸಿದರೆ ಗೋಡೆಯೂ ಅದರ ಜೊತೆ ಕುಣಿಯುತ್ತದೆ. ಎರೆ ದಾಟಿ ಮುರುಮ್ ಅಥವಾ ಕಲ್ಲು ಸಿಗುವವರೆಗೆ ಇಳಿಯಬೇಕು. ತೀರಾ ಆಳ ಇದ್ದರೆ ಅಂಡರ್‌ರೀಮ್ಡ್ ಪೈಲ್, ಅಂದರೆ ಬುಡ ದಪ್ಪಗಿರುವ ಆಳದ ಕಾಂಕ್ರೀಟ್ ಕಂಬ, ಹಾಕಿಸಬೇಕಾಗುತ್ತದೆ. ಅದನ್ನು ಇಂಜಿನಿಯರ್ ಮಣ್ಣಿನ ಪರೀಕ್ಷೆ ನೋಡಿ ಹೇಳಲಿ. ಯಾದಗಿರಿಯಲ್ಲಿ ಬೆಟ್ಟದ ಬುಡದ ಸೈಟಾದರೆ ಸಮಸ್ಯೆ ಉಲ್ಟಾ. ಬಂಡೆ ಬೇಗ ಸಿಗುತ್ತದೆ, ಒಡೆಯುವುದೇ ಖರ್ಚು. ಅಲ್ಲಿ ಬಂಡೆ ಎಲ್ಲಿ ಮೇಲೆ ಬಂದಿದೆಯೋ ಅಲ್ಲೇ ಮನೆಯ ಮೆಟ್ಟಿಲು ಕೂರುವ ಹಾಗೆ ನಕ್ಷೆ ಹೊಂದಿಸುವುದು ಜಾಣತನ.

ತುಂಬುವುದೋ ಇಳಿಸುವುದೋ, ಲೆಕ್ಕ ಹಾಕಿ ನೋಡಿ

ಮುಂದೆ 4 ಅಡಿ, ಹಿಂದೆ ಮತ್ತು ಎರಡೂ ಪಕ್ಕ 3 ಅಡಿ ಬಿಟ್ಟರೆ ಕಟ್ಟುವ ಜಾಗ 24×33 ಅಡಿ. ಇದು ನಾನು ಲೆಕ್ಕಕ್ಕೆ ಹಿಡಿದ ಅಳತೆ. ಎಷ್ಟು ಬಿಡಬೇಕು, ಎಷ್ಟು ಎತ್ತರ ಕಟ್ಟಬಹುದು ಅನ್ನುವುದನ್ನು ಪರವಾನಗಿ ಕೊಡುವ ಕಚೇರಿಯಲ್ಲಿ ಕೇಳಿಯೇ ನಕ್ಷೆ ಶುರು ಮಾಡಿ. ಸೈಟು ಎನ್‌ಎ (ಕೃಷಿಯೇತರ ಜಮೀನು) ಆಗಿದೆಯಾ, ಇ-ಖಾತಾ ಇದೆಯಾ ನೋಡಿಕೊಳ್ಳಿ. ಇದರ ಬಗ್ಗೆ ಬೇರೆ ಕಡೆ ಬೇಕಾದಷ್ಟು ಮಾಹಿತಿ ಸಿಗುತ್ತದೆ, ಮುಂದೆ ಹೋಗೋಣ.

ಇಡೀ ಮನೆಯ ನೆಲವನ್ನು ರಸ್ತೆಗಿಂತ ಒಂದೂವರೆ ಅಡಿ ಎತ್ತರಕ್ಕೆ ಸಪಾಟು ಮಾಡಿದಿರಿ ಅಂದುಕೊಳ್ಳಿ. ನೆಲಹಾಸಿನ ದಪ್ಪ ಅರ್ಧ ಅಡಿ ಕಳೆದರೆ ಮನೆಯ ಮುಂದಿನ ಗೋಡೆ ಹತ್ತಿರ ಒಂದೂವರೆ ಅಡಿ ತುಂಬಬೇಕು, ಹಿಂದೆ ಐದೂವರೆ ಅಡಿಗಿಂತ ಜಾಸ್ತಿ. ಸರಾಸರಿ ಮೂರೂವರೆ ಅಡಿ ಹಿಡಿದರೂ ಸುಮಾರು 28 ಬ್ರಾಸ್ (ಒಂದು ಬ್ರಾಸ್ ಅಂದರೆ ನೂರು ಘನ ಅಡಿ) ಮುರುಮ್. ಅದನ್ನು ಹಿಡಿದಿಡಲು ಮೂರು ಕಡೆ ಎತ್ತರದ ಪಾಯದ ಗೋಡೆ. ಜೊತೆಗೆ ಸರಿಯಾಗಿ ದಮ್ಮಸು ಆಗದ, ಅಂದರೆ ಬಡಿದು ಗಟ್ಟಿ ಮಾಡದ ಮಣ್ಣು ಮೂರ್ನಾಲ್ಕು ವರ್ಷ ಕುಸಿಯುತ್ತಾ ಫರಸಿಯನ್ನು ಬಾಯಿ ಬಿಡಿಸುತ್ತದೆ.

ಬದಲಿಗೆ ಮುಂದಿನ ಭಾಗ ರಸ್ತೆಗಿಂತ ಒಂದೂವರೆ ಅಡಿ ಮೇಲೆ, ಹಿಂದಿನ ಭಾಗ ಅದಕ್ಕಿಂತ 5 ಅಡಿ ಕೆಳಗೆ ಇಟ್ಟರೆ? ಹಿಂದೆ ನೆಲ ಈಗಾಗಲೇ 5 ಅಡಿ ಇಳಿದಿದೆ. ಹಾಗಾಗಿ ಹಿಂಭಾಗಕ್ಕೆ ಹೆಚ್ಚೂಕಡಿಮೆ ತುಂಬುವುದೇ ಇಲ್ಲ, ನಡುವೆ ಸ್ವಲ್ಪ ಕಡಿಯುವುದು ಮಾತ್ರ. ಮುಂಭಾಗಕ್ಕೆ ಸುಮಾರು 7 ಬ್ರಾಸ್ ಬೇಕು. ಅದರಲ್ಲಿ ಮೂರರಷ್ಟು ಅಲ್ಲೇ ಕಡಿದ ಮಣ್ಣಿನಿಂದ ಸಿಗುತ್ತದೆ, ಆ ಮಣ್ಣು ಎರೆ ಅಲ್ಲದಿದ್ದರೆ. 28 ಎಲ್ಲಿ, 4 ಎಲ್ಲಿ!

ಒಂದು ಮಾತು. ಇಳಿಜಾರು ಎರಡೇ ಅಡಿ ಇದ್ದರೆ ಈ ತಲೆನೋವು ಬೇಡ. ತುಂಬಿಸಿ, ಸಪಾಟು ಮನೆ ಕಟ್ಟಿಕೊಳ್ಳಿ. ನಾಲ್ಕು ಅಡಿ ದಾಟಿದರೆ ಮಟ್ಟಗಳ ಮನೆ ಲಾಭ. ಎಂಟು ಹತ್ತು ಅಡಿ ಇದ್ದರೆ ಹಿಂದೆ ಪೂರ್ತಿ ಒಂದು ಕೆಳಅಂತಸ್ತೇ ಸಿಗುತ್ತದೆ, ಅದು ಬೇರೆ ಥರದ ನಕ್ಷೆ.

ನಕ್ಷೆಯ ಬೆನ್ನೆಲುಬು ಮೆಟ್ಟಿಲು

ಇಂಥ ಮನೆಯಲ್ಲಿ ಕೋಣೆಗಳನ್ನು ಮೊದಲು ಬರೆದು ಮೆಟ್ಟಿಲನ್ನು ಎಲ್ಲೋ ತುರುಕಲು ಆಗುವುದಿಲ್ಲ. ಮೆಟ್ಟಿಲನ್ನು ಮೊದಲು ಬರೆಯಿರಿ, ಕೋಣೆಗಳು ಅದರ ಸುತ್ತ ಬಂದು ಕೂರುತ್ತವೆ.

5 ಅಡಿ ಅಂದರೆ 60 ಇಂಚು. 6 ಇಂಚಿನ ಹತ್ತು ಮೆಟ್ಟಿಲು. ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಗಳಿಗೆ 190 ಮಿ.ಮೀ. ಎತ್ತರದವರೆಗೂ ಬಿಡುತ್ತದೆ, ಅಂದರೆ ಏಳೂವರೆ ಇಂಚು. ಆದರೆ ದಿನಕ್ಕೆ ಹತ್ತಾರು ಸಲ ಹತ್ತಿಳಿಯುವ ಮನೆಯಲ್ಲಿ, ಅದೂ ಮೊಣಕಾಲು ನೋವಿನ ಅಜ್ಜಿ ಇರುವಲ್ಲಿ, 6 ಇಂಚು ದಾಟಬೇಡಿ. ಕಾಲಿಡುವ ಹಲಗೆ 10 ಇಂಚು. ಹತ್ತು ಏರಿಗೆ ಒಂಬತ್ತು ಹಲಗೆ, ಒಟ್ಟು 90 ಇಂಚು, ಅಂದರೆ ಏಳೂವರೆ ಅಡಿ. ಅಗಲಕ್ಕೆ 3 ಅಡಿಯ ಎರಡು ಸಾಲು, ನಡುವೆ ಅರ್ಧ ಅಡಿ ಸಂದು, ಒಟ್ಟು ಆರೂವರೆ ಅಡಿ.

ಈಗ ಮನೆಯ 33 ಅಡಿ ಉದ್ದವನ್ನು ಮೂರು ಪಟ್ಟಿ ಮಾಡಿ. ಗೋಡೆ ದಪ್ಪ ಕಳೆದು ಮುಂದಿನ ಪಟ್ಟಿ 12 ಅಡಿ, ನಡುವಿನ ಮೆಟ್ಟಿಲ ಪಟ್ಟಿ ಏಳೂವರೆ ಅಡಿ, ಹಿಂದಿನ ಪಟ್ಟಿ 11 ಅಡಿ. ಮುಂದಿನ ಪಟ್ಟಿಯಿಂದ ಎರಡು ಸಾಲು ಮೆಟ್ಟಿಲು ಹೊರಡುತ್ತವೆ, ಒಂದು ಹಿಂದಕ್ಕೆ ಇಳಿಯುತ್ತದೆ, ಇನ್ನೊಂದು ಹಿಂದಕ್ಕೇ ಏರುತ್ತದೆ. ಏರಿದ ಮೇಲೆ ಅಲ್ಲಿಂದ ಮತ್ತೆ ಮುಂದಕ್ಕೆ. ಹೀಗೆ ಐದೈದು ಅಡಿಗೆ ಒಂದು ಮಟ್ಟ. ರಸ್ತೆ ಸೊನ್ನೆ ಅಂದರೆ ಪಡಸಾಲೆ +1.5, ಹಿಂದಿನ ಕೆಳಮಟ್ಟ −3.5, ಅದರ ಮೇಲಿನ ಮಟ್ಟ +6.5, ಪಡಸಾಲೆಯ ಮೇಲೆ +11.5, ಹಿಂದಿನ ಮಾಳಿಗೆ +16.5, ಮುಂದಿನ ಮಾಳಿಗೆ +21.5. ಈ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ದಪ್ಪಗೆ ಬರೆದು ಸೈಟಿನಲ್ಲಿ ಅಂಟಿಸಿ. ಗೌಂಡಿ, ಸೆಂಟ್ರಿಂಗ್‌ನವರು, ಪ್ಲಂಬರ್ ಎಲ್ಲರೂ ಒಂದೇ ಸೊನ್ನೆಯಿಂದ ಅಳೆಯಬೇಕು. ಒಬ್ಬ ರಸ್ತೆಯಿಂದ, ಇನ್ನೊಬ್ಬ ಪಾಯದಿಂದ ಅಳೆದರೆ ಕೊನೆಯ ಮೆಟ್ಟಿಲು ನಾಲ್ಕು ಇಂಚು ಬರುತ್ತದೆ, ಬೀಳುವುದು ಅಂಥ ಮೆಟ್ಟಿಲಿನಲ್ಲೇ.

ಯಾವ ಮಟ್ಟದಲ್ಲಿ ಏನು

ನನ್ನ ಒಂದೇ ಹಟ: ಹಿರಿಯರಿಗೆ ಬೇಕಾದದ್ದೆಲ್ಲ ಒಂದೇ ಮಟ್ಟದಲ್ಲಿ ಇರಬೇಕು. ಮಲಗುವ ಕೋಣೆ, ಬಚ್ಚಲು, ಅಡುಗೆಮನೆ, ದೇವರು, ಬಾಗಿಲಲ್ಲಿ ಬಂದವರನ್ನು ಮಾತಾಡಿಸುವ ಜಾಗ. ಮೆಟ್ಟಿಲು ಹತ್ತಿಳಿಯುವುದು ಉಳಿದವರ ಪಾಲಿಗೆ ಬರಲಿ.

ಹಾಗಾಗಿ ರಸ್ತೆ ಮಟ್ಟದ ಮುಂದಿನ ಪಟ್ಟಿಯಲ್ಲಿ 12×12ರ ಪಡಸಾಲೆ, ಪಕ್ಕದಲ್ಲಿ 10×8.5ರ ಅಜ್ಜಿಯ ಕೋಣೆ. ಕೋಣೆಯ ಹಿಂದೆ 3 ಅಡಿಯ ಓಣಿ ಬಿಡಿ. ಮೆಟ್ಟಿಲಿಗೂ ಬಚ್ಚಲಿಗೂ ಅಲ್ಲಿಂದಲೇ ದಾರಿ. ನಡುಪಟ್ಟಿಯಲ್ಲಿ ಒಂದು ಪಕ್ಕ 5 ಅಡಿ ಬಚ್ಚಲು, ನಡುವೆ ಆರೂವರೆ ಅಡಿ ಮೆಟ್ಟಿಲು, ಇನ್ನೊಂದು ಪಕ್ಕ 10 ಅಡಿ ಅಡುಗೆಮನೆ. ಬಚ್ಚಲಿಗೂ ಅಡುಗೆಮನೆಗೂ ಅವರವರ ಪಕ್ಕದಿಂದ ಕಿಟಕಿ. ಅಡುಗೆಮನೆ ಪಡಸಾಲೆಯ ಬೆನ್ನಿಗೇ ಬರುತ್ತದೆ, ರೊಟ್ಟಿ ಬಿಸಿಬಿಸಿ ತರಲು ಮೆಟ್ಟಿಲು ದಾಟಬೇಕಿಲ್ಲ. ದೇವರ ಜಗುಲಿ ಪಡಸಾಲೆಯ ಮೂಲೆಯಲ್ಲಿ ಸಾಕು. ಇಷ್ಟು ಚಿಕ್ಕ ಮನೆಯಲ್ಲಿ ಅದಕ್ಕೊಂದು ಬೇರೆ ಕೋಣೆ ಮಾಡಿ ಓಣಿ ಕಿರಿದು ಮಾಡಬೇಡಿ.

ಅಡುಗೆಮನೆ ಮತ್ತು ಬಚ್ಚಲಿನ ಕೆಳಗೆ ಮಣ್ಣು ತುಂಬಬೇಡಿ, ಸ್ಲ್ಯಾಬ್ ಹಾಕಿ ಟೊಳ್ಳು ಬಿಡಿ. ಹಿಂದಿನ ಕೆಳಮಟ್ಟದಿಂದ ನೋಡಿದರೆ ಅದು ನಾಲ್ಕೂವರೆ ಅಡಿ ಎತ್ತರದ ಗೂಡು. ಜೋಳದ ಚೀಲ, ತೊಗರಿ, ಹಳೆ ಪೆಟ್ಟಿಗೆ, ಮದುವೆಯ ದೊಡ್ಡ ಪಾತ್ರೆ ಎಲ್ಲ ಅಲ್ಲಿ. ಬಚ್ಚಲಿನ ಕೆಳಗಿನ ಭಾಗದಲ್ಲಿ ಪೈಪು ಕೈಗೆ ಸಿಗುತ್ತದೆ, ಸೋರಿದರೆ ನೆಲ ಒಡೆಯಬೇಕಿಲ್ಲ. ಇದಕ್ಕಿಂತ ದೊಡ್ಡ ಲಾಭ ಏನೆಂದರೆ ಮಣ್ಣು ತಡೆಯುವ ಗೋಡೆ ಜನ ಮಲಗುವ ಕೋಣೆಗೆ ತಾಗದೆ ಈ ಗೂಡಿನ ಆ ಕಡೆ ಉಳಿಯುತ್ತದೆ.

ಹಿಂದಿನ ಕೆಳಮಟ್ಟವನ್ನು "ಬೇಸ್‌ಮೆಂಟ್" ಅಂತ ಕಡೆಗಣಿಸಬೇಡಿ. ಅದರ ಹಿಂದಿನ ಗೋಡೆ ಪೂರ್ತಿ ಬಯಲಿಗೆ ತೆರೆದಿದೆ, ಮುಂದಿನ ಕಡೆ ಮಣ್ಣಿನ ಆಸರೆ ಇದೆ, ಮೇಲೆ ಇನ್ನೊಂದು ಅಂತಸ್ತಿದೆ. ನಮ್ಮ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ ಅಲ್ವಾ, ಆಗ ಮಧ್ಯಾಹ್ನ ಇಡೀ ಮನೆ ಇಲ್ಲಿಗೇ ಬಂದು ಚಾಪೆ ಹಾಸುತ್ತದೆ. ಮಕ್ಕಳ ಓದು, ಟಿವಿ, ಹೊಲಿಗೆ ಮಿಷನ್ನು ಇಲ್ಲಿಡಿ. ಶೌಚಾಲಯ ಮಾತ್ರ ಇಲ್ಲಿ ಬೇಡ, ಕಾರಣ ಮುಂದಿದೆ.

+6.5ರ ಹಿಂದಿನ ಮಟ್ಟ ಗಂಡ ಹೆಂಡತಿಗೆ, +11.5ರ ಮುಂದಿನ ಮಟ್ಟ ಮಕ್ಕಳಿಗೆ. ಅಲ್ಲಿ ಕೆಳಗಿನ ಬಚ್ಚಲಿನ ನೇರ ಮೇಲೆ ಇನ್ನೊಂದು ಬಚ್ಚಲು. ಮಕ್ಕಳು ದೊಡ್ಡವರಾದರೆ ನಡುವೆ ಒಂದು ತೆಳು ಗೋಡೆ ಬರಲು ಕಿಟಕಿ ಎರಡು ಇಟ್ಟಿರಿ.

ಕಾರು? 24 ಅಡಿಯ ಮನೆಯಲ್ಲಿ ಕಾರಿಗೆ 9-10 ಅಡಿ ಕೊಟ್ಟರೆ ಅಜ್ಜಿಯ ಕೋಣೆ ಹೋಗುತ್ತದೆ. ಯಾವುದು ಬೇಕು ನೀವೇ ನೋಡಿ. ಬೈಕಿಗೆ ಮುಂದಿನ ನಾಲ್ಕು ಅಡಿ ಸಾಕು.

ನಿಮ್ಮ ಸೈಟು ಇದಕ್ಕೆ ವಿರುದ್ಧ, ಅಂದರೆ ರಸ್ತೆ ಕೆಳಗೆ, ಹಿಂಭಾಗ ಮೇಲೆ ಇದ್ದರೆ ನಕ್ಷೆ ತಿರುಗಿಸಿ. ಪಡಸಾಲೆ ಕೆಳಗೆ ಮುಂದೆ, ಅದರ ಹಿಂದೆ ಅರ್ಧ ಅಂತಸ್ತು ಏರಿ ಉಳಿದದ್ದು. ಚರಂಡಿಯ ಕೆಲಸ ಸುಲಭ ಆಗುತ್ತದೆ. ಆದರೆ ಮೇಲಿನಿಂದ ಬರುವ ನೀರೆಲ್ಲ ನಿಮ್ಮ ಹಿಂಬಾಗಿಲಿಗೇ ಬರುತ್ತದೆ, ಅಲ್ಲಿ ಅಡ್ಡ ಚರಂಡಿ ಮಾಡಿ ಎರಡೂ ಪಕ್ಕಕ್ಕೆ ತಿರುಗಿಸದೆ ಪಾಯ ತೆಗೆಯಲೇಬೇಡಿ.

ಹೊಲಸು ನೀರು, ಮಳೆನೀರು, ಮಣ್ಣೊಳಗಿನ ನೀರು

ಮೂರಕ್ಕೂ ಬೇರೆ ಬೇರೆ ದಾರಿ.

ಒಳಚರಂಡಿ ಇರುವುದು ರಸ್ತೆಯಲ್ಲಿ, ರಸ್ತೆ ಇರುವುದು ಮೇಲೆ. ಕೆಳಮಟ್ಟ ರಸ್ತೆಗಿಂತ ಮೂರೂವರೆ ಅಡಿ ಕೆಳಗೆ. ಅಲ್ಲಿ ಶೌಚಾಲಯ ಮಾಡಿದರೆ ಹೊಲಸು ಮೇಲಕ್ಕೆ ಹತ್ತಬೇಕು, ಚರಂಡಿ ಕಟ್ಟಿಕೊಂಡ ದಿನ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಆದ್ದರಿಂದ ಬಚ್ಚಲು, ಅಡುಗೆಮನೆ ಎಲ್ಲವೂ ಪಡಸಾಲೆ ಮಟ್ಟ ಮತ್ತು ಅದಕ್ಕಿಂತ ಮೇಲೆ. 4 ಇಂಚಿನ ಪೈಪಿಗೆ 40 ರಿಂದ 60 ಅಡಿಗೆ ಒಂದು ಅಡಿ ಇಳಿಕೆ ಬೇಕು. ನಡುಪಟ್ಟಿಯಿಂದ ರಸ್ತೆಗೆ ಅಂದಾಜು 25 ಅಡಿ ಹಿಡಿದರೆ ಅರ್ಧ ಅಡಿ ಸುತ್ತಮುತ್ತ. ಮೊದಲು ಅಳೆದಿಟ್ಟ ಚೇಂಬರಿನ ತಳ ಇಲ್ಲಿ ಬೇಕಾಗುವುದು. ತಳ ತೀರಾ ಮೇಲಿದ್ದರೆ ಪಡಸಾಲೆಯನ್ನೇ ಇನ್ನರ್ಧ ಅಡಿ ಎತ್ತಬೇಕಾದೀತು, ಅದು ಈಗಲೇ ಗೊತ್ತಾಗಲಿ.

ಮಳೆನೀರು ಬಿಡಬೇಡಿ. ಬೀದರ್‌ನಲ್ಲಿ ವರ್ಷಕ್ಕೆ ಸುಮಾರು 850 ಮಿ.ಮೀ. ಮಳೆ. 24×33ರ ಮಾಳಿಗೆ ಅಂದರೆ ಸುಮಾರು 74 ಚದರ ಮೀಟರು. ಹಾಳಾಗುವುದು ಕಳೆದರೂ 50,000 ಲೀಟರ್ ಕೈಗೆ ಸಿಗುವ ಲೆಕ್ಕ. ಪೂರ್ತಿ ಹಿಡಿಯಲು ಜಾಗ ಇಲ್ಲ, ಸಂಪಿಗೆ ಆದಷ್ಟು ತುಂಬಿಸಿ. ಸಂಪು ಇಟ್ಟಿಗೆಯದ್ದು ಬೇಡ, ಆರ್‌ಸಿಸಿ ಮಾಡಿಸಿ. ಮೇಲಿನ ಕಡೆ ಇರುವ ಸಂಪು ಸೋರಿದರೆ ಆ ನೀರು ಸೀದಾ ತಡೆಗೋಡೆಯ ಬೆನ್ನಿಗೆ ಹೋಗುತ್ತದೆ. ಇಂಗುಗುಂಡಿ ಪಾಯದಿಂದ ಕನಿಷ್ಠ ಹತ್ತು ಅಡಿ ದೂರ ಬೇಕು. ಎರೆಮಣ್ಣಿನಲ್ಲಂತೂ ಇಷ್ಟು ಚಿಕ್ಕ ಸೈಟಿಗೆ ಅದರ ಆಸೆಯೇ ಬೇಡ.

ಈಗ ತಡೆಗೋಡೆ. ಸಾಮಾನ್ಯ ತಡೆಗೋಡೆಗೆ ನಾಲ್ಕೈದು ಅಡಿಗೊಂದು ಪೈಪು ಬಿಟ್ಟು ನೀರನ್ನು ಎದುರಿಗೆ ಬಿಡುತ್ತಾರೆ. ಇಲ್ಲಿ ಎದುರಿಗೆ ಇರುವುದು ನಿಮ್ಮ ಮನೆ! ಆದ್ದರಿಂದ ನೀರನ್ನು ಗೋಡೆಯ ಬೆನ್ನಲ್ಲೇ ಹಿಡಿದು ಪಕ್ಕಕ್ಕೆ ಒಯ್ಯಬೇಕು. ಕೆಲಸ ಹೀಗೆ ನಡೆಯಲಿ. ಆರ್‌ಸಿಸಿ ಗೋಡೆ ಎದ್ದು ಚೆನ್ನಾಗಿ ನೀರು ಕುಡಿದ ಮೇಲೆ ಮಣ್ಣಿನ ಕಡೆಯ ಮೈಗೆ ವಾಟರ್‌ಪ್ರೂಫಿಂಗ್ ಎರಡು ಕೈ. ಗೋಡೆಯ ಬುಡದಲ್ಲಿ 4 ಇಂಚಿನ ತೂತಿನ ಪೈಪು, ಒಂದು ಪಕ್ಕಕ್ಕೆ ನೂರು ಅಡಿಗೆ ಒಂದು ಅಡಿ ಲೆಕ್ಕದಲ್ಲಿ ಓರೆ. ಪೈಪಿನ ಸುತ್ತ ಜಾಲರಿ ಬಟ್ಟೆ, ಅದರ ಸುತ್ತ ಮತ್ತು ಗೋಡೆಯ ಬೆನ್ನಿಗೆ ಮೇಲಿನವರೆಗೆ ಒಂದು ಅಡಿ ದಪ್ಪ ಖಡಿ (ಜಲ್ಲಿ). ಖಡಿಗೂ ಮಣ್ಣಿಗೂ ನಡುವೆ ಮತ್ತೆ ಬಟ್ಟೆ, ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಕೆಸರು ತುಂಬಿ ಖಡಿ ಇದ್ದೂ ಇಲ್ಲದಂತೆ. ಪೈಪು ಮನೆಯ ಪಕ್ಕಕ್ಕೆ ಬಿಟ್ಟ ಮೂರಡಿ ಜಾಗಕ್ಕೆ ಬಂದು ಅಲ್ಲಿಂದ ಹಿಂದಕ್ಕೆ ಇಳಿಯುತ್ತದೆ. ಗೋಡೆಯ ಬುಡದಿಂದ ಹಿಂದಿನ ಗಡಿಗೆ ಸಿಗುವ ಇಳಿಕೆ ಒಂದೇ ಅಡಿ, ಆದ್ದರಿಂದ ಲೆವೆಲ್ ಪೈಪ್ ಹಿಡಿದೇ ಕೂರಿಸಿ. ಎರಡೂ ತುದಿಗೆ ಮುಚ್ಚಳದ ಚೇಂಬರ್ ಇಟ್ಟರೆ ಮುಂದೆ ಕಟ್ಟಿಕೊಂಡಾಗ ನೀರು ಬಿಟ್ಟು ತೊಳೆಯಬಹುದು.

ಗೋಡೆಯ ಹಿಂದೆ ಎರೆಮಣ್ಣು ಹಾಕಲು ಯಾರಿಗೂ ಬಿಡಬೇಡಿ, ಪುಕ್ಕಟೆ ಸಿಕ್ಕರೂ. ಉಬ್ಬಿದರೆ ಗೋಡೆಯನ್ನೇ ತಳ್ಳುತ್ತದೆ. ಮುರುಮ್ ಹಾಕಿ, ಅರ್ಧರ್ಧ ಅಡಿ ಪದರ, ನೀರು, ದಮ್ಮಸು. ಜೇಸಿಬಿಯಿಂದ ಒಂದೇ ಸಲ ಸುರಿದು ಮೇಲೆ ಓಡಾಡಿಸುವುದು ದಮ್ಮಸು ಅಲ್ಲ.

ಕೊನೆಗೆ ಆ ನೀರು ಹಿಂದಿನವರ ಸೈಟಿಗೆ ಬೀಳುತ್ತದಲ್ಲ? ಅವರ ಜೊತೆ ಮೊದಲೇ ಕೂತು ಮಾತಾಡಿ, ಗಡಿಗುಂಟ ಒಂದು ಕಾಲುವೆಗೆ ಜಾಗ ಮಾಡಿಕೊಳ್ಳಿ. ಚಹಾ ಕುಡಿದು ಮುಗಿಸುವ ವಿಷಯವನ್ನು ತಂಟೆಗೆ ಬೆಳೆಸಬೇಡಿ.

ಪಾಯ, ಕಾಲಂ: ಇಂಜಿನಿಯರ್ ಹತ್ತಿರ ಕೇಳಬೇಕಾದದ್ದು

ಇಲ್ಲಿ ನಾನು ನಕ್ಷೆ ಕೊಡುವುದಿಲ್ಲ. ಕಬ್ಬಿಣದ ಲೆಕ್ಕ ಸ್ಟ್ರಕ್ಚರಲ್ ಇಂಜಿನಿಯರ್ ಮಾಡಬೇಕು. ಸಪಾಟು ಮನೆಗೆ "ಗೌಂಡಿಗೆ ಗೊತ್ತಿದೆ" ಅಂತ ಬಿಡುವವರು ಇಲ್ಲಿ ಬಿಡಬಾರದು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ ನಡುಗಿದ್ದು ನಮ್ಮ ಪಕ್ಕದ ಲಾತೂರ್ ಜಿಲ್ಲೆಯಲ್ಲಿ. ಆ ವಯಸ್ಸಿನವರು ಮನೆಯಲ್ಲಿದ್ದರೆ ಕೇಳಿ ನೋಡಿ.

ನಡುಪಟ್ಟಿಗೂ ಹಿಂದಿನ ಪಟ್ಟಿಗೂ ನಡುವಿನ ಕಾಲಂ ಸಾಲನ್ನು ನೋಡಿ. ಒಂದು ಕಡೆಯಿಂದ ಮುಂದಿನ ಮಟ್ಟದ ಬೀಮು, ಇನ್ನೊಂದು ಕಡೆಯಿಂದ ಹಿಂದಿನ ಮಟ್ಟದ ಬೀಮು, ಐದೈದು ಅಡಿಗೆ ಬಂದು ಕೂಡುತ್ತವೆ. ಬೀಮಿನ ದಪ್ಪ ಕಳೆದರೆ ಹತ್ತು ಅಡಿಯ ಕಾಲಂ ನಾಲ್ಕು ಅಡಿಯ ತುಂಡುಗಳಾಗಿ ಕೆಲಸ ಮಾಡುತ್ತದೆ. ನೆಲ ನಡುಗಿದಾಗ ಉದ್ದ ಕಾಲಂ ಸ್ವಲ್ಪ ಬಾಗಿ ತಪ್ಪಿಸಿಕೊಳ್ಳುತ್ತದೆ, ಗಿಡ್ಡ ಕಾಲಂ ಬಾಗದೆ ಹೆಚ್ಚಿನ ಹೊರೆ ತಾನೇ ಎಳೆದುಕೊಂಡು ಸೀಳುತ್ತದೆ. ಆದ್ದರಿಂದ ಈ ಸಾಲಿನಲ್ಲಿ ಕಾಲಮ್ಮಿನ ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗುಗಳು ತುದಿಗೆ ಮಾತ್ರವಲ್ಲ, ಪೂರ್ತಿ ಎತ್ತರಕ್ಕೂ ಒತ್ತಾಗಿ ಬರಬೇಕು. ಎರಡು ರಿಂಗಿನ ನಡುವಿನ ಅಂತರ 100 ಮಿ.ಮೀ. ದಾಟಬಾರದು, ಅಂದರೆ ನಾಲ್ಕು ಇಂಚು. ರಿಂಗಿನ ಕೊಕ್ಕೆ ಕಾಲಮ್ಮಿನ ಒಳಗೆ ತಿರುಗಿರಬೇಕು, 135 ಡಿಗ್ರಿ. ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ನೀವೇ ಟೇಪ್ ಹಿಡಿದು ನೋಡಬಹುದಾದ ಎರಡು ಸಂಗತಿ ಇವು.

ಮೂರನೆಯದು ಪಾಯದ ಮಟ್ಟ. ಫುಟಿಂಗ್ ಅಂದರೆ ಕಾಲಮ್ಮಿನ ಕೆಳಗಿನ ಅಗಲ ಕಾಂಕ್ರೀಟ್ ಪಾದ. ಮೇಲಿನ ಫುಟಿಂಗ್‌ನ ಅಂಚಿನಿಂದ ಕೆಳಗಿನ ಫುಟಿಂಗ್‌ನ ಅಂಚಿಗೆ ಗೆರೆ ಎಳೆದರೆ ಎರಡು ಅಡಿ ಅಡ್ಡಕ್ಕೆ ಒಂದು ಅಡಿಗಿಂತ ಕಡಿದಾಗಿ ಇಳಿಯಬಾರದು. ಕಡಿದಾದರೆ ಮೇಲಿನದರ ಭಾರ ಕೆಳಗಿನದನ್ನು ತಳ್ಳುತ್ತದೆ. ಹಾಗೆ ಬಂದರೆ ಮೇಲಿನ ಫುಟಿಂಗನ್ನೇ ಇನ್ನಷ್ಟು ಕೆಳಗಿಳಿಸುತ್ತಾರೆ. ಕಟ್ಟುವಾಗಲೂ ಕೆಳಗಿನ ಸಾಲು ಮೊದಲು, ಮೇಲಿನದು ಆಮೇಲೆ.

ಬಿಸಿಲು ಮತ್ತು ಗಾಳಿ

ಮೇ ತಿಂಗಳ ನಡುವೆ ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ. ಬೆಂಕಿ ಬೀಳುವುದು ಮಾಳಿಗೆಗೆ, ಸಂಜೆ ಪಶ್ಚಿಮದ ಗೋಡೆಗೆ. ಮಾಳಿಗೆಗೆ ಬಿಳಿ ಟೈಲಿನ ಚೂರು ಹಾಸಿ ಅಥವಾ ವರ್ಷಕ್ಕೊಮ್ಮೆ ಸುಣ್ಣ ಬಳಿಯಿರಿ. ಪಶ್ಚಿಮಕ್ಕೆ ಬಚ್ಚಲು, ಕಪಾಟು ಬರಲಿ, ಕಿಟಕಿ ಚಿಕ್ಕದಿರಲಿ, ಸಜ್ಜಾ ಎರಡು ಅಡಿ ಹೊರಗಿರಲಿ.

ಮಟ್ಟಗಳ ಮನೆಗೆ ಒಂದು ಅನುಕೂಲ ತಾನಾಗಿಯೇ ಇದೆ. ಹಿಂದಿನ ಮಾಳಿಗೆಗಿಂತ ಮುಂದಿನ ಭಾಗ 5 ಅಡಿ ಎತ್ತರ. ಆ ಐದಡಿ ಗೋಡೆಯಲ್ಲಿ, ಮೆಟ್ಟಿಲಿನ ನೇರಕ್ಕೆ, ತೆರೆಯುವ ಕಿಟಕಿಗಳನ್ನು ಇಡಿ. ಕೆಳಮಟ್ಟದ ಹಿಂಬಾಗಿಲಿನಿಂದ ಬಂದ ತಂಪು ಗಾಳಿ ಮೆಟ್ಟಿಲಗುಂಟ ಏರಿ, ಬಿಸಿಗಾಳಿಯನ್ನು ಆ ಕಿಟಕಿಯಿಂದ ಹೊರಗೆ ದೂಡುತ್ತದೆ. ಮೆಟ್ಟಿಲಿಗೆ ಹಗಲು ಲೈಟ್ ಹಾಕುವ ಕೆಲಸವೂ ತಪ್ಪಿತು. ಜಾಲರಿ ಹಾಕಿಸಿ, ಪಾರಿವಾಳ ಬಿಡುವುದಿಲ್ಲ.

ನೆಲಕ್ಕೆ ಶಹಾಬಾದ್ ಫರಸಿಗಿಂತ ಒಳ್ಳೆಯದು ನಮ್ಮ ಕಡೆ ನನಗೆ ಕಂಡಿಲ್ಲ. ಬೇಸಿಗೆಯಲ್ಲಿ ಅದರ ಮೇಲೆ ಬರಿಗಾಲಲ್ಲಿ ನಡೆಯುವುದೇ ಸುಖ. ಒಳಗೆ ಪಾಲಿಶ್ ಮಾಡಿಸಿ, ಮೆಟ್ಟಿಲಿಗೆ ಮತ್ತು ಹೊರಗೆ ಒರಟಾಗಿಯೇ ಬಿಡಿ, ಪಾಲಿಶ್ ಮಾಡಿದರೆ ಜಾರುತ್ತದೆ. ಗೋಡೆಗೆ ಕೆಂಪುಕಲ್ಲು ಚೆಂದ, ಆದರೆ ನೀರು ಕುಡಿಯುವ ಕಲ್ಲು ಅಂತ ಆಗಲೇ ಹೇಳಿದೆನಲ್ಲ. ನೆಲದಿಂದ ಎರಡು ಅಡಿವರೆಗೆ ಕರಿಕಲ್ಲು, ಅದರ ಮೇಲೆ ತೇವ ತಡೆಯುವ ಪಟ್ಟಿ, ಆಮೇಲೆ ಕೆಂಪುಕಲ್ಲು.

ಯಾವ ತಿಂಗಳಲ್ಲಿ ಏನು

ದೀಪಾವಳಿ ಮುಗಿದು ನೆಲ ಒಣಗಿದ ಮೇಲೆ ಅಗೆತ ಶುರು ಮಾಡಿ. ಮಿರಗ (ಜೂನ್ ಮೊದಲಿನ ಮೃಗಶಿರಾ ಮಳೆ) ಕೂಡುವುದರೊಳಗೆ ಪಾಯ, ತಡೆಗೋಡೆ, ಅದರ ಹಿಂದಿನ ಪೈಪು, ಪಕ್ಕದ ಕಾಲುವೆ ಇವಿಷ್ಟು ಮುಗಿದಿರಲೇಬೇಕು. ಉಳಿದದ್ದು ತಡವಾದರೂ ನಡೆಯುತ್ತದೆ. ಕಡಿದ ಮಣ್ಣಿನ ಗೋಡೆಯನ್ನು ಬರಿದೇ ಬಿಟ್ಟು ಮಳೆಗಾಲ ದಾಟಿಸುವುದು, ಅದೂ ಮೇಲೆ ಪಕ್ಕದವರ ಕಂಪೌಂಡ್ ಇರುವಾಗ, ದೊಡ್ಡ ಅಪಾಯ. ಬೇಸಿಗೆಯಲ್ಲಿ ಕಾಂಕ್ರೀಟ್ ಬೆಳಗಿನ ಜಾವ ಹಾಕಿಸಿ, ಗೋಣಿಚೀಲ ಹೊದಿಸಿ 14 ದಿನ ನೀರು ಹೊಡೆಸಿ. ತಡೆಗೋಡೆಗೆ 28 ದಿನ ಆಗುವ ಮುಂಚೆ ಬೆನ್ನಿಗೆ ಮಣ್ಣು ತುಂಬಲು ಅವಸರ ಮಾಡಬೇಡಿ.

ಮಣ್ಣು ಮುಚ್ಚುವ ದಿನ ಫೋನ್ ತೆಗೆದು ಪ್ರತಿ ಪೈಪಿನ ಫೋಟೋ ಹೊಡೆದಿಡಿ. ಫೋಟೋದಲ್ಲಿ ಟೇಪ್ ಕಾಣಲಿ, ಯಾವ ಗೋಡೆಯಿಂದ ಎಷ್ಟು ಅಡಿ ಅಂತ ಗೊತ್ತಾಗುವ ಹಾಗೆ. ಆ ಫೋಟೋಗಳ ಒಂದು ಪ್ರತಿ ಮನೆಪತ್ರದ ಫೈಲಿನಲ್ಲೂ ಇರಲಿ.